ಬಾಗಿಲು ತೆರೆದಿಡೋಕೆ ಮೊದಲು ಕೋಣೆ ಬೇಕು

ಸಂಶೋಧನೆಗೆ ಇಳಿದವರಿಗೆ ಒಂದಲ್ಲ ಒಂದು ದಿನ ಯಾರಾದರೂ ರಿಚರ್ಡ್ ಹ್ಯಾಮಿಂಗ್ ಭಾಷಣ ಕಳಿಸಿಯೇ ಇರುತ್ತಾರೆ. ‘ಯೂ ಅಂಡ್ ಯುವರ್ ರಿಸರ್ಚ್’ ಅಂತ ಹೆಸರು, 1986ರ ಮಾರ್ಚಿನಲ್ಲಿ ನ್ಯೂಜೆರ್ಸಿಯಲ್ಲಿ ಮಾಡಿದ್ದು. ಪಿಎಚ್‌ಡಿಯ ಎರಡನೇ ವರ್ಷ ನನಗೂ ಬಂತು. ಪ್ರಿಂಟ್ ತೆಗೆದು ಮೇಜಿನೆದುರು ಅಂಟಿಸಿಕೊಂಡಿದ್ದೆ. ಮೊನ್ನೆ, ಎರಡನೇ ಪೋಸ್ಟ್‌ಡಾಕ್ ಮಾಡುತ್ತಿರುವ ಜೂನಿಯರ್ ಒಬ್ಬಳು ಫೋನ್ ಮಾಡಿ, “ಅಣ್ಣಾ, ಮುಂದೇನ್ ಮಾಡ್ಲಿ ಹೇಳಿ” ಅಂದಳು. ಅದನ್ನೇ ಫಾರ್ವರ್ಡ್ ಮಾಡಲು ಹೊರಟವನು ಇನ್ನೊಮ್ಮೆ ಓದಿದೆ. ಕೈ ತಡೆಯಿತು.

ಭಾಷಣ ಚೆನ್ನಾಗಿಲ್ಲ ಅಂತಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 30 ವರ್ಷ ದುಡಿದು, 1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು, ಸುತ್ತಿಬಳಸದೆ ಮಾತಾಡುತ್ತಾರೆ. ರಸಾಯನಶಾಸ್ತ್ರಜ್ಞರ ಜೊತೆ ಊಟಕ್ಕೆ ಕೂತು, ನಿಮ್ಮ ಕ್ಷೇತ್ರದ ಮುಖ್ಯ ಪ್ರಶ್ನೆಗಳು ಯಾವುವು, ನೀವ್ಯಾಕೆ ಅವುಗಳ ಮೇಲೆ ಕೆಲಸ ಮಾಡುತ್ತಿಲ್ಲ ಅಂತ ಕೇಳಿ ಅವರ ಊಟ ಕೆಡಿಸಿದ ಪ್ರಸಂಗವಿದೆ. ಬಾಗಿಲು ಮುಚ್ಚಿ ಕೂತವರು ಇವತ್ತು ಹೆಚ್ಚು ಕೆಲಸ ಮಾಡಬಹುದು, ಆದರೆ ಯಾವ ಕೆಲಸ ಮುಖ್ಯ ಅನ್ನುವ ಸುಳಿವು ಸಿಗುವುದು ತೆರೆದಿಟ್ಟವರಿಗೆ ಅನ್ನುವ ಮಾತೂ ಇದೆ. ಈಗಲೂ ಓದಿದರೆ ಬೆನ್ನು ನೆಟ್ಟಗಾಗುತ್ತದೆ.

ನನ್ನ ತಕರಾರು ಅವರು ಹೇಳದೆ ಬಿಟ್ಟಿದ್ದರ ಬಗ್ಗೆ. ಬೆಲ್ ಲ್ಯಾಬ್ಸ್ ಹಿಂದೆ ಎಟಿ ಅಂಡ್ ಟಿಯ ಟೆಲಿಫೋನ್ ಏಕಸ್ವಾಮ್ಯದ ದುಡ್ಡಿತ್ತು. ಹತ್ತು ವರ್ಷ ಬಿಟ್ಟೂ ಇದೇ ಕೋಣೆಯಲ್ಲಿರುತ್ತೇನೆ ಅನ್ನುವ ಭರವಸೆ ಇದ್ದವರಿಗೆ ಬಾಗಿಲು ತೆರೆದಿಡುವುದು ಸುಲಭ. ನನ್ನ ಜೂನಿಯರ್‌ಗೆ ಕೋಣೆಯೇ ಇಲ್ಲ. ಹಾಲ್‌ನಲ್ಲೊಂದು ಮೇಜು, ವರ್ಷವರ್ಷ ನವೀಕರಣ. ಅವಳು ಸಣ್ಣ ಪ್ರಶ್ನೆ ಹಿಡಿದರೆ ಹ್ಯಾಮಿಂಗ್ ಲೆಕ್ಕದಲ್ಲಿ ಅದು ಧೈರ್ಯದ ಕೊರತೆ. ಅವಳ ಲೆಕ್ಕದಲ್ಲಿ ಮುಂದಿನ ಅರ್ಜಿಯೊಳಗೆ ಬರಲೇಬೇಕಾದ ಪೇಪರ್. ನಾನು ದೊಡ್ಡ ಪ್ರಶ್ನೆಯ ಬೆನ್ನುಹತ್ತಿದವನೇ. ಫೆಲೋಶಿಪ್ ಮುಗಿದಾಗ ಕೈಯಲ್ಲಿ ಒಂದು ಪೇಪರೂ ಇರಲಿಲ್ಲ. ಈಗ ಕಂಪನಿಯೊಂದರಲ್ಲಿ ಡೇಟಾ ನೋಡಿಕೊಂಡಿದ್ದೇನೆ.

ಇನ್ನೊಂದು ವಿಷಯ. ಕೆಲಸಕ್ಕಾಗಿ ಹೆಂಡತಿಯನ್ನು ಕಡೆಗಣಿಸಿದ್ದುಂಟು ಅಂತ ಹ್ಯಾಮಿಂಗ್ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಆ ಬಿಲ್ ಕಟ್ಟಿದವರ ಮಾತು ಭಾಷಣದಲ್ಲಿಲ್ಲ.

ತಮಾಷೆ ಅಂದ್ರೆ, ಅವರ ಉಪದೇಶಕ್ಕಿಂತ ಅವರ ಅನುಭವವೇ ನಮ್ಮಂಥವರಿಗೆ ಹತ್ತಿರ. ವಾರಾಂತ್ಯಕ್ಕೆ ಲೆಕ್ಕ ಹಚ್ಚಿ ಹೋದರೆ, ರಿಲೇ ಕಂಪ್ಯೂಟರ್ ತಪ್ಪು ಕಂಡ ಕೂಡಲೇ ಆ ಲೆಕ್ಕವನ್ನು ಅಲ್ಲೇ ಕೈಬಿಡುತ್ತಿತ್ತು. ತಪ್ಪು ಕಂಡುಹಿಡಿಯೋ ಯಂತ್ರಕ್ಕೆ ತಿದ್ದೋಕೆ ಯಾಕಾಗಲ್ಲ ಅಂತ ರೇಗಿ ಹೋಯಿತು. ಹ್ಯಾಮಿಂಗ್ ಕೋಡ್ ಹುಟ್ಟಿದ್ದು ಆ ಸಿಟ್ಟಿನಲ್ಲಿ. 1950ರಲ್ಲಿ ಪ್ರಬಂಧವಾಗಿ ಬಂತು.

ಅವಳಿಗೆ ಕೊನೆಗೆ ಹೇಳಿದ್ದಿಷ್ಟು: “ಈ ವರ್ಷ ಮುಗಿಸಬಹುದಾದ ಒಂದು ಪೇಪರ್ ಹಿಡ್ಕೋ. ದಿನಾ ತಲೆ ತಿನ್ನೋ ಒಂದು ಕಿರಿಕಿರಿ ಇದ್ರೆ ಅದನ್ನೂ ಬಿಡ್ಬೇಡ. ದುಡ್ಡು ಎಲ್ಲೀವರೆಗೆ ಇದೆ ಅಂತ ನಿಮ್ಮ ಮೇಷ್ಟ್ರನ್ನ ಈ ತಿಂಗಳೇ ಕೇಳು.”

ಭಾಷಣವನ್ನು ಕಳಿಸಬೇಕಾದ್ದು ಕೆಲಸ ಖಾಯಂ ಆದಮೇಲೂ ಸಣ್ಣ ಪ್ರಶ್ನೆಗಳಲ್ಲೇ ಉಳಿದುಬಿಟ್ಟ ಮೇಷ್ಟ್ರುಗಳಿಗೆ. ಕೋಣೆ, ಬಾಗಿಲು ಎರಡೂ ಇರೋದು ಅವರ ಹತ್ತಿರ.