ನಕಲಿಲ್ಲದ ಜೋಡಣೆಯ ಲೆಕ್ಕಪತ್ರ

ದೊಡ್ಡ ಕಂಪನಿಗಳಲ್ಲಿ ಗ್ರಾಹಕರ ವಿವರ ಒಂದು ಕಡೆ, ಅವರ ಖರೀದಿ, ಬಾಕಿ, ಬಳಕೆಯ ಲೆಕ್ಕ ಇನ್ನೊಂದು ಕಡೆ ಇರುವುದು ಮಾಮೂಲು. ಮಾರಾಟ ವಿಭಾಗದವರು ದಿನವಿಡೀ ಸೇಲ್ಸ್‌ಫೋರ್ಸ್ ತೆರೆದಿಟ್ಟುಕೊಂಡು ಕೂತಿರುತ್ತಾರೆ. ಲೆಕ್ಕ ನೋಡುವವರು ಸ್ನೋಫ್ಲೇಕ್‌ನಲ್ಲಿ ಕ್ವೆರಿ ಬರೆಯುತ್ತಾರೆ. ಮೊದಲನೆಯದು 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಕಂಪನಿಯ ವ್ಯವಹಾರ ತಂತ್ರಾಂಶ. ಎರಡನೆಯದು 2012ರಲ್ಲಿ ಹುಟ್ಟಿದ ಕ್ಲೌಡ್ ಡೇಟಾ ವೇರ್‌ಹೌಸ್. ಇಂಥ ಎರಡನ್ನು ಜೋಡಿಸುವುದೇ ಈಗ ಒಂದು ಕಸುಬು. ಬೆಂಗಳೂರಿನಲ್ಲಿ ಅದನ್ನೇ ನಂಬಿ ಬದುಕುವ ಇಂಜಿನಿಯರುಗಳು ಬಹಳ ಮಂದಿ.

2022ರ ಸೆಪ್ಟೆಂಬರ್‌ನಲ್ಲಿ ಈ ಎರಡು ಕಂಪನಿಗಳು ಕೈಜೋಡಿಸಿ, ಡೇಟಾವನ್ನು ಇಲ್ಲಿಂದ ಅಲ್ಲಿಗೆ ಸಾಗಿಸದೆ, ಇದ್ದಲ್ಲೇ ಓದಿಕೊಳ್ಳುವ ಏರ್ಪಾಡನ್ನು ಪ್ರಕಟಿಸಿದವು. ಅದಕ್ಕೆ ನಿಂತ ಹೆಸರು ‘ಝೀರೋ ಕಾಪಿ’. 2024ರಲ್ಲಿ ಸೇಲ್ಸ್‌ಫೋರ್ಸ್ ಗೂಗಲ್, ಅಮೆಜಾನ್, ಡೇಟಾಬ್ರಿಕ್ಸ್‌ಗಳನ್ನೂ ಸೇರಿಸಿಕೊಂಡು ಇದನ್ನೊಂದು ದೊಡ್ಡ ಕೂಟವನ್ನಾಗಿ ಮಾಡಿತು. ಇದು ಒಳ್ಳೆಯ ಕೆಲಸವೇ. ಆದರೆ ನಕಲು ಮಾಡುವ ಹಂತವನ್ನು ತೆಗೆದುಹಾಕುವಾಗ ಅದರ ಜೊತೆಗಿದ್ದ ಎರಡು ಉಪಕಾರಗಳೂ ಹೋದವು. ಅವನ್ನು ಬೇರೆ ದಾರಿಯಿಂದ ವಾಪಸು ತರದ ಕಂಪನಿಗಳಿಗೆ ಇದು ನಷ್ಟದ ವ್ಯಾಪಾರ ಎಂಬುದು ನನ್ನ ಅಭಿಪ್ರಾಯ.

ಹಳೆಯ ದಾರಿಯ ತೊಂದರೆಗಳನ್ನು ಮೊದಲು ಹೇಳಬೇಕು. ಅಲ್ಲಿ ಒಂದು ಉಪಕರಣ ಆಗಾಗ ಸೇಲ್ಸ್‌ಫೋರ್ಸ್‌ನ ಬಾಗಿಲು ತಟ್ಟಿ, ಕಳೆದ ಸಲ ಬಂದುಹೋದ ಮೇಲೆ ತಿದ್ದುಪಡಿಯಾದ ರೆಕಾರ್ಡುಗಳನ್ನಷ್ಟೇ ಕೇಳಿ ಪಡೆದು ಸ್ನೋಫ್ಲೇಕ್‌ಗೆ ತುಂಬುತ್ತದೆ. ಸೇಲ್ಸ್‌ಫೋರ್ಸ್‌ನಲ್ಲಿ ಫಾರ್ಮುಲಾ ಫೀಲ್ಡ್ ಎಂಬುದಿದೆ. ಬೇರೆ ಫೀಲ್ಡುಗಳನ್ನು ನೋಡಿ ಆಯಾ ಕ್ಷಣಕ್ಕೆ ಲೆಕ್ಕ ಹಾಕಿ ತೋರಿಸುವಂಥದ್ದು. ಅದರ ಮೊತ್ತ ಬದಲಾದರೂ ರೆಕಾರ್ಡಿನ ತಿದ್ದುಪಡಿ ಸಮಯ ಬದಲಾಗುವುದಿಲ್ಲ. ಹಾಗಾಗಿ ಉಪಕರಣಕ್ಕೆ ಸುಳಿವೇ ಸಿಗದು. ವೇರ್‌ಹೌಸಿನಲ್ಲಿ ಹಳೆಯ ಅಂಕಿಯೇ ಕೂತಿರುತ್ತದೆ. ಅಳಿಸಿದ ರೆಕಾರ್ಡುಗಳ ಪಾಡೂ ಇಷ್ಟೆ. ಅವು 15 ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗುತ್ತವೆ. ಅಷ್ಟರೊಳಗೆ ಯಾರೂ ಗಮನಿಸದಿದ್ದರೆ ಇಲ್ಲದ ಗ್ರಾಹಕ ಸ್ನೋಫ್ಲೇಕ್‌ನಲ್ಲಿ ಬದುಕಿಯೇ ಇರುತ್ತಾನೆ. ಮೇಲಾಗಿ ಹೊರಗಿನ ಉಪಕರಣ ದಿನಕ್ಕೆ ಇಷ್ಟೇ ಸಲ ಡೇಟಾ ಕೇಳಬಹುದು (ಎಪಿಐ ಕರೆ) ಎಂಬ ಮಿತಿ ಬೇರೆ.

ಹೊಸ ಜೋಡಣೆ ಈ ಗೋಳಿನಲ್ಲಿ ಬಹುಪಾಲನ್ನು ಕಡಿಮೆ ಮಾಡಿತು. ಗ್ರಾಹಕ ಫೋನ್ ಮಾಡಿದಾಗ ಅವರ ಪುಟ ತೆರೆದ ಸೇವಾ ವಿಭಾಗದ ಹುಡುಗಿಗೆ, ಸ್ನೋಫ್ಲೇಕ್‌ನಲ್ಲಿರುವ ಬಾಕಿ ಬಿಲ್ಲು ಅಲ್ಲೇ ಕಾಣುತ್ತದೆ. ನಿನ್ನೆ ರಾತ್ರಿಯ ಬಾಕಿ ಹೇಳಿ, ಬೆಳಿಗ್ಗೆಯೇ ಹಣ ಕಟ್ಟಿದವರ ಕೈಲಿ ಬೈಸಿಕೊಳ್ಳುವುದು ತಪ್ಪಿತು. ಗ್ರಾಹಕ ಸೇವೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಹೆಸರನ್ನು ಮಾತ್ರ ಅಕ್ಷರಶಃ ನಂಬಬಾರದು. ಸೇಲ್ಸ್‌ಫೋರ್ಸ್‌ನ ದಿನನಿತ್ಯದ ರೆಕಾರ್ಡುಗಳು ಸ್ನೋಫ್ಲೇಕ್‌ಗೆ ನೇರವಾಗಿ ಕಾಣುವುದಿಲ್ಲ. ಅವು ಮೊದಲು ಸೇಲ್ಸ್‌ಫೋರ್ಸ್‌ನದೇ 2025ರವರೆಗೆ ಡೇಟಾ ಕ್ಲೌಡ್ ಎಂದು ಕರೆಯುತ್ತಿದ್ದ ಇನ್ನೊಂದು ಪದರಕ್ಕೆ ನಕಲಾಗಬೇಕು. ಆ ನಕಲನ್ನು ಸ್ನೋಫ್ಲೇಕ್ ಓದುತ್ತದೆ. ಎದುರು ದಿಕ್ಕಿನಲ್ಲೂ, ನೇರ ಓದು ನಿಧಾನವಾದರೆ ವೇಗ ಹೆಚ್ಚಿಸುವ ಆಯ್ಕೆಯೊಂದಿದೆ. ಅದನ್ನು ಒತ್ತಿದರೆ ಸ್ನೋಫ್ಲೇಕ್‌ನ ಮಾಹಿತಿ ಡೇಟಾ ಕ್ಲೌಡಿನಲ್ಲಿ ತಾತ್ಕಾಲಿಕವಾಗಿ ನಕಲಾಗಿ ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ವಿವರ ಅಳಿಸಿ ಎಂದು ಕೇಳುವ ಹಕ್ಕನ್ನು ನಮ್ಮ ನಾಗರಿಕರಿಗೆ ಕೊಟ್ಟಿದೆ. ನಕಲೇ ಇಲ್ಲ ಎಂದುಕೊಂಡು ಒಂದು ಕಡೆ ಅಳಿಸಿ ಸುಮ್ಮನಾದರೆ ಕಾಯ್ದೆ ಪಾಲಿಸಿದಂತಾಗುವುದಿಲ್ಲ.

ಇನ್ನು ಕಳೆದುಕೊಂಡ ಉಪಕಾರಗಳು. ಮಂಡಿ ವ್ಯಾಪಾರದ ಲೆಕ್ಕ ಬರೆದು ಗೊತ್ತಿದ್ದವರಿಗೆ ಮೊದಲನೆಯದು ಕೂಡಲೇ ಅರ್ಥವಾಗುತ್ತದೆ. ಕಿರ್ದಿಯಲ್ಲಿ ಬರೆದದ್ದನ್ನು ಖಾತೆಗೆ ಏರಿಸುವಾಗಲೇ ಗುಮಾಸ್ತರಿಗೆ ತಪ್ಪು ಸಿಗುತ್ತಿದ್ದದ್ದು. ಡೇಟಾ ಸಾಗಿಸುವ ದಾರಿಯ ನಡುವೆಯೂ ಅಂಥದೇ ಒಂದು ತಂಗುದಾಣವಿತ್ತು. ಅಲ್ಲಿ ಯಾರೋ ಒಬ್ಬರು ಕೂತು ಎರಡೂ ಕಡೆಯ ಅಂಕಿಗಳನ್ನು ತಾಳೆ ನೋಡುತ್ತಿದ್ದರು.

ಒಂದು ಉದಾಹರಣೆ ಕೊಡುತ್ತೇನೆ. ಸೇಲ್ಸ್‌ಫೋರ್ಸ್ ಎಲ್ಲ ಸಮಯವನ್ನೂ ವಿಶ್ವ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 3 ಗಂಟೆಗೆ ಆನ್‌ಲೈನಿನಲ್ಲಿ ಬಂದ ಆರ್ಡರು ಯುಟಿಸಿಯ ಪ್ರಕಾರ ಮಾರ್ಚ್ 31ರ ರಾತ್ರಿ 9:30ರದು. ಸೇಲ್ಸ್‌ಫೋರ್ಸ್‌ನ ಪರದೆ ಬಳಕೆದಾರರ ಊರಿನ ಸಮಯಕ್ಕೆ ಬದಲಿಸಿ ತೋರಿಸುವುದರಿಂದ ಮಾರಾಟದವರಿಗೆ ಅದು ಹೊಸ ಆರ್ಥಿಕ ವರ್ಷದ ಆರ್ಡರು. ವೇರ್‌ಹೌಸಿನಲ್ಲಿ ತಾರೀಖಿನ ಮೇಲೆ ಮೊತ್ತ ಕೂಡಿದವರಿಗೆ ಅದು ಹಳೆಯ ಆರ್ಥಿಕ ವರ್ಷದ್ದು. ಎರಡು ವಿಭಾಗಗಳ ಅಂಕಿ ಹೊಂದುವುದಿಲ್ಲ; ಇಬ್ಬರ ಪರದೆಯೂ ಸರಿ. ನಡುವಿನ ತಂಗುದಾಣದಲ್ಲಿ ಇದನ್ನು ಸರಿಪಡಿಸಲು ಒಂದು ಸಾಲಿನ ಕೋಡ್ ಸಾಕಿತ್ತು. ನೇರ ಜೋಡಣೆಯಲ್ಲಿ ಅದನ್ನು ಪ್ರತಿಯೊಂದು ಕ್ವೆರಿ ಬರೆಯುವವರೂ ನೆನಪಿಟ್ಟುಕೊಳ್ಳಬೇಕು. ಸೇಲ್ಸ್‌ಫೋರ್ಸ್‌ನ 15 ಅಕ್ಷರಗಳ ಗುರುತು ಸಂಖ್ಯೆಯದೂ ಇದೇ ಕಥೆ. ಅದರಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಆ ಭೇದ ನೋಡದ ಎಕ್ಸೆಲ್‌ನ ಹುಡುಕಾಟದಲ್ಲಿ ಇಬ್ಬರು ಗ್ರಾಹಕರು ಒಬ್ಬರಾಗಬಹುದು. 18 ಅಕ್ಷರಗಳ ರೂಪವನ್ನೇ ಬಳಸಬೇಕೆಂದು ಯಾರಾದರೂ ಒಂದು ಕಡೆ ನಿಯಮ ಮಾಡಿರಬೇಕು.

ಎರಡನೆಯ ಉಪಕಾರ ನೆನಪು. ಸೇಲ್ಸ್‌ಫೋರ್ಸ್‌ನಲ್ಲಿ ಒಂದು ವ್ಯವಹಾರದ ಅಂದಾಜು ಮೊತ್ತವನ್ನು ತಿದ್ದಿದರೆ ಹಳೆಯ ಮೊತ್ತದ ಮೇಲೆಯೇ ಹೊಸದು ಕೂರುತ್ತದೆ. ಬದಲಾವಣೆಯ ಚರಿತ್ರೆ ಇಡುವ ಸೌಲಭ್ಯವಿದೆ, ಆದರೆ ಸಾಮಾನ್ಯವಾಗಿ ಒಂದು ಆಬ್ಜೆಕ್ಟಿಗೆ (ಒಂದು ಬಗೆಯ ರೆಕಾರ್ಡಿಗೆ) 20 ಫೀಲ್ಡುಗಳಿಗೆ ಮಾತ್ರ, ಅದೂ ಒಂದೂವರೆ ಎರಡು ವರ್ಷದ ಮಟ್ಟಿಗೆ. ದಿನಾ ರಾತ್ರಿ ನಕಲು ತೆಗೆದು ಎತ್ತಿಡುತ್ತಿದ್ದ ಕಂಪನಿಯ ಹತ್ತಿರ, ಮೂರು ತಿಂಗಳ ಹಿಂದೆ ಈ ವ್ಯವಹಾರವನ್ನು ಎಷ್ಟೆಂದು ಅಂದಾಜಿಸಿದ್ದೆವು, ಯಾರು ಯಾವಾಗ ಇಳಿಸಿದರು ಎಂಬುದಕ್ಕೆ ಉತ್ತರವಿತ್ತು. ನೇರ ಓದು ಈ ಕ್ಷಣವನ್ನಷ್ಟೇ ಬಲ್ಲದು. ಮುಂದಿನ ವರ್ಷದ ಮಾರಾಟ ಅಂದಾಜಿಸುವವರಿಗೆ ಹಿಂದಿನ ಅಂದಾಜುಗಳು ಎಲ್ಲಿ ಹುಸಿಯಾದವು ಎಂಬುದೇ ಬಂಡವಾಳ. ಅದನ್ನು ಕೈಯಾರೆ ಬಿಟ್ಟುಕೊಡುವುದು ನನಗೆ ಸಂಕಟದ ವಿಷಯ.

ಸಾಗಾಟದ ಕೆಲಸ ಮುಗಿದಿಲ್ಲ ಎಂಬುದು ಸೇಲ್ಸ್‌ಫೋರ್ಸ್‌ಗೂ ತಿಳಿದಿದೆ. 2025ರ ಮೇ ತಿಂಗಳಲ್ಲಿ ಅದು ಸುಮಾರು 800 ಕೋಟಿ ಡಾಲರಿಗೆ ಇನ್ಫಾರ್ಮ್ಯಾಟಿಕಾವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಡೇಟಾ ಸಾಗಿಸುವುದು, ಸೋಸುವುದು, ತಾಳೆ ನೋಡುವುದೇ 1993ರಿಂದ ಆ ಕಂಪನಿಯ ಮುಖ್ಯ ಕೆಲಸ.

ಖರ್ಚಿನ ಮಾತು ಚಿಕ್ಕದು. ಸ್ನೋಫ್ಲೇಕ್‌ನ ಕಂಪ್ಯೂಟ್ (ಕ್ವೆರಿ ಓಡಿಸುವ ಯಂತ್ರಬಲ) ಒಮ್ಮೆ ಎದ್ದರೆ ಕನಿಷ್ಠ 60 ಸೆಕೆಂಡಿನ ಬಿಲ್ಲು ಖಚಿತ; ಎರಡು ಸೆಕೆಂಡಿನ ಕ್ವೆರಿಗೂ ಅಷ್ಟೆ. ನೇರ ಓದಿನ ಪುಟಗಳು ಬಿಟ್ಟು ಬಿಟ್ಟು ತೆರೆದುಕೊಂಡರೆ ಅದು ಮತ್ತೆ ಮತ್ತೆ ಎದ್ದು ಕೂರುತ್ತದೆ. ಅದೇ ಓದಿಗೆ ಡೇಟಾ ಕ್ಲೌಡಿನ ಕಡೆಯಿಂದಲೂ ಬಿಲ್ಲು ಬರುತ್ತದೆ. ಎರಡು ಬಿಲ್ಲುಗಳೂ ಒಬ್ಬರ ಮೇಜಿಗೆ ಬರದಿದ್ದರೆ ಜೋಡಣೆಯ ನಿಜವಾದ ಬೆಲೆ ಯಾರಿಗೂ ಗೊತ್ತಾಗದು.

ಬೀಗದ ಕೈ ಹೆಚ್ಚು ಗಂಭೀರ ವಿಷಯ. ನಕಲು ಮಾಡಿದರೂ ಮಾಡದಿದ್ದರೂ ಎರಡು ಮನೆಗಳ ನಡುವೆ ಸದಾ ತೆರೆದಿರುವ ಒಂದು ಬಾಗಿಲಿರುತ್ತದೆ. 2024ರಲ್ಲಿ ಕದ್ದ ಪಾಸ್‌ವರ್ಡುಗಳಿಂದ ಕಳ್ಳರು ಸ್ನೋಫ್ಲೇಕ್‌ನ ಅನೇಕ ಗ್ರಾಹಕರ ಖಾತೆಗಳಿಗೆ ನುಗ್ಗಿದರು. ಎಟಿ ಆ್ಯಂಡ್ ಟಿ, ಟಿಕೆಟ್‌ಮಾಸ್ಟರ್ ಅದರಲ್ಲಿ ಸೇರಿದ್ದವು. ನುಗ್ಗಿದ ಖಾತೆಗಳಿಗೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಸೇಲ್ಸ್‌ಲಾಫ್ಟ್ ಕಂಪನಿಯ ಡ್ರಿಫ್ಟ್ ಎಂಬ ಚಾಟ್ ಸೇವೆಯ ಟೋಕನ್‌ಗಳು, ಅಂದರೆ ಪಾಸ್‌ವರ್ಡ್ ಕೇಳದೆ ಒಳಬಿಡುವ ಕೀಲಿಗಳು, ಕಳವಾಗಿ, ಅದನ್ನು ಸೇಲ್ಸ್‌ಫೋರ್ಸ್‌ಗೆ ಜೋಡಿಸಿಕೊಂಡಿದ್ದ ನೂರಾರು ಕಂಪನಿಗಳ ಡೇಟಾ ಸೋರಿತು. ಕ್ಲೌಡ್‌ಫ್ಲೇರ್‌ನಂಥ, ಭದ್ರತೆಯನ್ನೇ ಮಾರುವ ಕಂಪನಿಗೂ ಏಟು ಬಿತ್ತು. ಎರಡು ಸಲವೂ ಸ್ನೋಫ್ಲೇಕ್, ಸೇಲ್ಸ್‌ಫೋರ್ಸ್‌ಗಳ ತಂತ್ರಾಂಶದ ಗೋಡೆ ಒಡೆದಿರಲಿಲ್ಲ. ಒಳಹೋಗಲೆಂದು ಕೊಟ್ಟ ಬೀಗದ ಕೈಗಳೇ ಕಳ್ಳರ ಪಾಲಾಗಿದ್ದವು.

ಗ್ರಾಹಕರ ಜೊತೆ ಮಾತಾಡುವ ಪರದೆಗೆ ನೇರ ಓದು ಇರಲಿ, ಅದಕ್ಕೆ ಸಾಟಿಯಿಲ್ಲ. ಲೆಕ್ಕಪರಿಶೋಧನೆಗೂ ಮಾರಾಟದ ಅಂದಾಜಿಗೂ ರಾತ್ರಿಯ ನಕಲನ್ನು ನಿಲ್ಲಿಸಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಾರಲು ಬಂದವರಿಂದ ಮೂರು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ: ನಮ್ಮ ಡೇಟಾ ಎಲ್ಲೆಲ್ಲಿ ನಕಲಾಗುತ್ತದೆ, ಎರಡೂ ಬದಿಯ ಬಿಲ್ಲು ಸೇರಿ ಎಷ್ಟು, ಟೋಕನ್ ರದ್ದು ಮಾಡುವ ಅಧಿಕಾರ ಯಾರದು.