ಮಾರುವವರು ಬಾಯಿ ಬಿಡಬೇಕಾದದ್ದು: 55ನೇ ಕಲಮಿನ ಒಂದು ವಾಕ್ಯ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡ ಕನ್ನಡಿಗರು ನಿಮ್ಮ ಬಳಗದಲ್ಲಿದ್ದರೆ ಕೇಳಿ ನೋಡಿ. ಅಲ್ಲಿ ಮಾರುವವರು ಕಾನೂನೇ ಗೊತ್ತುಮಾಡಿದ ನಮೂನೆಯೊಂದನ್ನು ತುಂಬಿ, ಸಹಿ ಮಾಡಿ ಕೈಗಿಡುತ್ತಾರೆ. ಛಾವಣಿ ಸೋರುತ್ತದೆಯೇ, ನೆಲ ಕುಸಿದಿದೆಯೇ, ನೀರು ನುಗ್ಗಿತ್ತೇ, ಪಕ್ಕದವರೊಡನೆ ತಕರಾರಿದೆಯೇ ಎಂದು ಸಾಲುಸಾಲು ಪ್ರಶ್ನೆಗಳು. 1978ಕ್ಕೆ ಮುಂಚೆ ಕಟ್ಟಿದ ಮನೆಯಾದರೆ, ಬಣ್ಣದಲ್ಲಿ ಸೀಸವಿರುವುದು ಗೊತ್ತಿದ್ದರೆ ಹೇಳಬೇಕೆಂಬ ನಿಯಮ ಇಡೀ ಅಮೆರಿಕಕ್ಕೇ ಇದೆ. ನಮ್ಮಲ್ಲಿ ಅಂಥ ನಮೂನೆ ಇಲ್ಲ. ಇರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮು, ಅದರ ಮೊದಲ ಉಪಕಲಮಿನ (ಎ) ಖಂಡ. ಒಂದೇ ವಾಕ್ಯ. ಅದರ ತಾತ್ಪರ್ಯ ಇಷ್ಟು:

"ಸ್ವತ್ತಿನಲ್ಲಾಗಲಿ, ಅದರ ಮೇಲೆ ತನಗಿರುವ ಹಕ್ಕಿನಲ್ಲಾಗಲಿ ಯಾವುದೇ ಮಹತ್ವದ ದೋಷವಿದ್ದು, ಅದು ತನಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದಿದ್ದು, ಸಾಮಾನ್ಯ ಎಚ್ಚರಿಕೆಯಿಂದ ಅವನು ಕಂಡುಕೊಳ್ಳಲು ಆಗದಂಥದ್ದಾದರೆ, ಅದನ್ನು ಕೊಳ್ಳುವವನಿಗೆ ತಿಳಿಸಲು ಮಾರಾಟಗಾರ ಬದ್ಧನು."

ಇನ್ನು ಒಂದೊಂದೇ ತುಂಡನ್ನು ಬಿಡಿಸೋಣ. ಈ ವಾಕ್ಯಕ್ಕೂ ಮೊದಲು ಕಲಮಿನ ನೆತ್ತಿಯ ಮೇಲೊಂದು ಮಾತಿದೆ. ಅಲ್ಲಿಂದಲೇ ಶುರುಮಾಡಬೇಕು.

"ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ"

ಅಂದರೆ ಈ ಕಲಮಿನಲ್ಲಿ ಹೇಳಿರುವ ಹಕ್ಕು ಬಾಧ್ಯತೆಗಳೆಲ್ಲ ಇಬ್ಬರ ನಡುವೆ ಬೇರೆ ಒಪ್ಪಂದ ಇಲ್ಲದಾಗ ನಡೆಯುವಂಥವು. ಬೇರೆ ರೀತಿ ಬರೆದುಕೊಂಡರೆ ಬರೆದುಕೊಂಡದ್ದೇ ನಡೆಯುತ್ತದೆ. ಆದ್ದರಿಂದ ಕರಾರು ಪತ್ರದ ಸಣ್ಣ ಸಾಲುಗಳನ್ನು ಓದದೆ ಸಹಿ ಮಾಡಬಾರದು. "ಸ್ವತ್ತನ್ನು ಖುದ್ದಾಗಿ ನೋಡಿ, ಪರಿಶೀಲಿಸಿ, ತೃಪ್ತರಾಗಿ ಕೊಳ್ಳಲು ಒಪ್ಪಿರುತ್ತೀರಿ" ಎಂಬ ಧಾಟಿಯ ಸಾಲು ಪತ್ರಬರಹಗಾರರ ಕಂಪ್ಯೂಟರಿನಲ್ಲಿ ಸದಾ ಕೂತಿರುತ್ತದೆ. ಯಾರೂ ಕೇಳದೆಯೇ ಎಲ್ಲ ಪತ್ರಗಳಿಗೂ ಬಂದು ಸೇರಿಕೊಳ್ಳುತ್ತದೆ. ನನ್ನ ಪ್ರಕಾರ ಅದು ನೋಡಿದ್ದಕ್ಕೆ ಸಾಕ್ಷಿಯೇ ಹೊರತು ಬಚ್ಚಿಟ್ಟದ್ದಕ್ಕೆ ಕೊಟ್ಟ ಮಾಫಿಯಲ್ಲ. ಆದರೂ ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಬೆರಳಿಡುವುದು ಆ ಸಾಲಿನ ಮೇಲೇ. "ಮಾರಾಟಗಾರರು ತಿಳಿಸಿದ ಸಂಗತಿಗಳನ್ನು ನಂಬಿ" ಎಂಬ ಮಾತನ್ನೂ ಅದರ ಪಕ್ಕಕ್ಕೆ ಸೇರಿಸಿ ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

"ಸ್ವತ್ತಿನಲ್ಲಾಗಲಿ"

ಇದು ಇಟ್ಟಿಗೆ, ಸಿಮೆಂಟು, ನೀರು, ಮಣ್ಣಿನ ದೋಷ. ಹಳೆಯ ಬಾವಿ ಮುಚ್ಚಿ ಅದರ ಮೇಲೆ ಕೋಣೆ ಎಬ್ಬಿಸಿರುವುದು, ಎರಡು ಮಹಡಿಗೆಂದು ಹಾಕಿದ ಅಡಿಪಾಯದ ಮೇಲೆ ನಾಲ್ಕು ಮಹಡಿ ಏರಿಸಿರುವುದು, ಮಳೆಗಾಲ ಬಂತೆಂದರೆ ಸಂಪಿಗೆ ಚರಂಡಿ ನೀರು ಜಿನುಗುವುದು, ಬಾಗಿಲ ಚೌಕಟ್ಟಿನ ಒಳಗೆಲ್ಲ ಗೆದ್ದಲು ತಿಂದು ಮೇಲೆ ಬಣ್ಣವಷ್ಟೇ ಉಳಿದಿರುವುದು, ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿನಲ್ಲೇ ಸಂಸಾರ ಸಾಗುತ್ತಿರುವುದು. ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದು ಮಾರಾಟಕ್ಕಿಟ್ಟ ಮನೆಯನ್ನು ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಬಿಲ್ಡರ್‌ನಿಂದ ನೇರವಾಗಿ ಹೊಸ ಫ್ಲ್ಯಾಟ್ ಕೊಳ್ಳುವವರ ಕೈಗೆ 2016ರ ರೇರಾ ಕಾಯಿದೆ ಇದಕ್ಕಿಂತ ಗಟ್ಟಿಯಾದ ಹಿಡಿಕೆ ಕೊಟ್ಟಿದೆ. ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಅಲ್ಲಿ ಬಿಲ್ಡರ್‌ಗೆ ದೋಷ ಗೊತ್ತಿತ್ತೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಹಳೆಯ ಮನೆಯನ್ನು ಅದರ ಯಜಮಾನರಿಂದ ಕೊಳ್ಳುವವರಿಗೆ ಈ ಅನುಕೂಲವಿಲ್ಲ. ಅವರಿಗೆ 55ನೇ ಕಲಮೇ ಆಸರೆ.

"ಅದರ ಮೇಲೆ ತನಗಿರುವ ಹಕ್ಕಿನಲ್ಲಾಗಲಿ"

ನಮ್ಮ ರಾಜ್ಯದಲ್ಲಿ ಜನ ಹೆಚ್ಚಾಗಿ ಏಟು ತಿನ್ನುವುದು ಇಲ್ಲಿ. ಗೋಡೆಯ ಬಿರುಕು ರಿಪೇರಿಯಾಗುತ್ತದೆ, ಹಕ್ಕಿನ ಬಿರುಕು ಮನೆಯನ್ನೇ ನುಂಗುತ್ತದೆ.

ಮೊದಲನೆಯದಾಗಿ ಅಕ್ಕತಂಗಿಯರ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿಕೊಂಡಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದ ಮೇಲೂ "ಅವರಿಗೆಲ್ಲ ಮದುವೆ ಮಾಡಿ ಕೊಟ್ಟಾಯ್ತು ಬಿಡಿ" ಎಂದು ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರುವುದು ನಿಂತಿಲ್ಲ. ಸಹಿ ಹಾಕದ ತಂಗಿಯೊಬ್ಬಳಿದ್ದಾಳೆ ಎಂಬುದು ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಸುಲಭವಾಗಿ ಗೊತ್ತಾಗದ ಸಂಗತಿ. (ಎ) ಖಂಡಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಎರಡನೆಯದು ಗ್ರಾಂಟ್ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಮಂಜೂರಾತಿಯ ಷರತ್ತು ಮುರಿದೋ ಸರ್ಕಾರದ ಅನುಮತಿ ಪಡೆಯದೆಯೋ ಪರಭಾರೆ ಮಾಡಿದ್ದರೆ, ರಾಜ್ಯದ 1978ರ ಪಿಟಿಸಿಎಲ್ ಕಾಯಿದೆಯ ಪ್ರಕಾರ ಆ ಮಾರಾಟ ಅಸಿಂಧು. ಮೇಲೆ ಲೇಔಟ್ ಎದ್ದಿರಲಿ, ನಿವೇಶನ ಹಲವು ಕೈ ದಾಟಿರಲಿ, ಬುಡದ ಕೊರತೆ ಬುಡದಲ್ಲೇ ಇರುತ್ತದೆ. ಈ ಕಾಯಿದೆಯಡಿ ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಬಡವರ ಭೂಮಿ ಕಾಯುವ ಕಾನೂನು ಇರಲೇಬೇಕು. ಅದರ ಬಿಸಿಯನ್ನು ಮೊದಲು ಕಬಳಿಸಿದವನ ಬದಲು ಕೊನೆಯಲ್ಲಿ ಸೈಟು ಕೊಂಡ ಗುಮಾಸ್ತ ಅನುಭವಿಸುತ್ತಾನೆ ಎಂಬುದಷ್ಟೇ ಬೇಸರದ ವಿಷಯ.

ಮೂರನೆಯದು ನಡೆಯುತ್ತಿರುವ ದಾವೆ. ಸ್ವತ್ತಿನ ಹಕ್ಕಿನ ಬಗ್ಗೆಯೇ ಕೇಸು ನಡೆಯುತ್ತಿರುವಾಗ ಕೊಂಡವರು, ಅದರ ತೀರ್ಪಿಗೆ ತಾವೂ ತಲೆಬಾಗಬೇಕು ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯಿದೆಯ 52ನೇ ಕಲಮು. ಕೇಸಿನ ಸುದ್ದಿಯೇ ಗೊತ್ತಿರಲಿಲ್ಲ ಎಂದರೂ ಬಿಡುಗಡೆ ಇಲ್ಲ.

"ಮಹತ್ವದ ದೋಷ"

ಯಾವುದು ಮಹತ್ವದ್ದು? ಕಾಯಿದೆ ವಿವರಿಸುವುದಿಲ್ಲ. ನಮ್ಮ ನ್ಯಾಯಾಲಯಗಳು 1834ರ ಇಂಗ್ಲೆಂಡಿನ ಫ್ಲೈಟ್ ಮತ್ತು ಬೂತ್ ಮೊಕದ್ದಮೆಯ ಅಳತೆಗೋಲನ್ನು ಬಳಸುತ್ತ ಬಂದಿವೆ: ಈ ಸಂಗತಿ ಮೊದಲೇ ಗೊತ್ತಾಗಿದ್ದರೆ ಕೊಳ್ಳುವವರು ವ್ಯವಹಾರಕ್ಕೇ ಕೈಹಾಕುತ್ತಿರಲಿಲ್ಲ ಎಂದು ಭಾವಿಸಲು ಕಾರಣವಿದೆಯೇ? ಇದ್ದರೆ ಅದು ಮಹತ್ವದ್ದು. ಸಡಿಲಗೊಂಡ ನಲ್ಲಿ ಆ ಸಾಲಿಗೆ ಸೇರದು, ಬತ್ತಿದ ಬೋರ್‌ವೆಲ್ ಸೇರೀತು.

ದೆವ್ವ? ನಗಬೇಡಿ. 1991ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವೊಂದು, ಮನೆಯೊಡತಿಯೇ ತನ್ನ ಮನೆಯ ದೆವ್ವಗಳ ಬಗ್ಗೆ ಪತ್ರಿಕೆಗಳಲ್ಲಿ ಪ್ರಚಾರ ಮಾಡಿದ್ದರಿಂದ, ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು ಘೋಷಿಸಿ, ಬೇರೆ ಊರಿನಿಂದ ಬಂದ ಕೊಳ್ಳುವವನಿಗೆ ವ್ಯವಹಾರದಿಂದ ಹಿಂದೆ ಸರಿಯಲು ಅವಕಾಶ ಕೊಟ್ಟಿತು. ನಮ್ಮಲ್ಲಿ ದೆವ್ವಕ್ಕಿಂತ ವಾಸ್ತುವಿನ ಚಿಂತೆ ಜಾಸ್ತಿ. ಅಡುಗೆಮನೆ ಯಾವ ಮೂಲೆಯಲ್ಲಿದೆ ಎಂಬುದು ಬಾಗಿಲು ತೆರೆದ ಕೂಡಲೇ ಕಾಣುವುದರಿಂದ ಅದನ್ನು ಮಾರುವವರು ಬಾಯಿಬಿಟ್ಟು ಹೇಳಬೇಕಿಲ್ಲ.

"ತನಗೆ ತಿಳಿದಿದ್ದು"

ಗೊತ್ತಿಲ್ಲದ್ದನ್ನು ಹೇಳು ಎಂದು ಕಾನೂನು ಕೇಳುವುದಿಲ್ಲ. ಗೋಡೆಯೊಳಗಿನ ಪೈಪು ತುಕ್ಕು ಹಿಡಿದಿರುವುದು ಮಾರುವವರಿಗೂ ಗೊತ್ತಿಲ್ಲದಿದ್ದರೆ ನಷ್ಟ ಕೊಂಡವರದೇ. ಹಕ್ಕಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಇದೇ ಕಲಮಿನ ಎರಡನೇ ಉಪಕಲಮಿನ ಪ್ರಕಾರ, ತಾನು ಮಾರುತ್ತಿರುವ ಹಕ್ಕು ನಿಜಕ್ಕೂ ಇದೆ, ಅದನ್ನು ವರ್ಗಾಯಿಸುವ ಅಧಿಕಾರವೂ ತನಗಿದೆ ಎಂದು ಮಾರಾಟಗಾರ ಮಾತು ಕೊಟ್ಟಂತೆಯೇ ಲೆಕ್ಕ. ಪತ್ರದಲ್ಲಿ ಬರೆಯದಿದ್ದರೂ ಬರೆದಂತೆ. ಅಲ್ಲಿ "ನನಗೂ ಗೊತ್ತಿರಲಿಲ್ಲ" ಎಂಬ ಸಬೂಬು ನಡೆಯದು. ಮನೆಯ ಗುಣಕ್ಕೆ ಹೊಣೆ ಹೊರಿಸದ ಕಾನೂನು ಹಕ್ಕಿಗೆ ಹೊಣೆ ಹೊರಿಸುತ್ತದೆ.

"ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲು ಆಗದಂಥದ್ದು"

ಇಡೀ ವಾಕ್ಯದ ಗಂಟು ಇಲ್ಲಿದೆ. ಕಣ್ಣಿಗೆ ಕಾಣುವ ಬಿರುಕು, ಮೂಗಿಗೆ ಬಡಿಯುವ ಚರಂಡಿ, ಪಕ್ಕದ ಗೋಡೆಗೆ ಒರಗಿದ ಹೈಟೆನ್ಷನ್ ತಂತಿ, ಇವನ್ನು ಹೇಳಲಿಲ್ಲ ಎಂದು ದೂರುವಂತಿಲ್ಲ. ಕಾಗದದಲ್ಲಿ ಕಾಣುವುದಕ್ಕೂ ಇದೇ ನ್ಯಾಯ. ಕಾಯಿದೆಯ 3ನೇ ಕಲಮಿನ ಪ್ರಕಾರ, ನೋಂದಣಿಯಾದ ಪತ್ರದಲ್ಲಿರುವ ಸಂಗತಿ ಕೊಳ್ಳುವವರಿಗೆ ಗೊತ್ತಿದ್ದಂತೆಯೇ ಸರಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸದೆ ಕೊಂಡು, ಆಮೇಲೆ ನೋಂದಾಯಿತ ಅಡಮಾನ ಇತ್ತು ಎಂದು ಅತ್ತರೆ ಕೇಳುವವರಿಲ್ಲ.

ಅದೇ ಕಲಮು ಇನ್ನೊಂದು ಮಾತು ಹೇಳುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಬೆಲೆ ಹೆಚ್ಚು. ಸ್ವತ್ತು ಯಾರ ಸ್ವಾಧೀನದಲ್ಲಿದೆಯೋ ಅವರ ಹಕ್ಕೇನು ಎಂಬುದೂ ಕೊಳ್ಳುವವರಿಗೆ ಗೊತ್ತಿದ್ದಂತೆಯೇ. ಮನೆ ನೋಡಲು ಹೋದಾಗ ಒಳಗಿನಿಂದ ಬಾಡಿಗೆದಾರರು ಬಾಗಿಲು ತೆರೆದರೆ, ಅವರು ತಿಂಗಳ ಬಾಡಿಗೆಯವರೋ, ಹತ್ತಾರು ಲಕ್ಷ ಕೊಟ್ಟು ಲೀಸ್‌ಗೆ ಕೂತವರೋ ಎಂದು ಅವರನ್ನೇ ಕೇಳಬೇಕು. ಕೇಳದಿದ್ದರೆ ಆ ಹಣದ ಗೋಜು ನಿಮ್ಮ ತಲೆಗೆ ಬಂದೀತು. ರಾಜಕಾಲುವೆಯೂ ಹೀಗೆಯೇ. 2016ರಲ್ಲಿ ಬೆಂಗಳೂರಿನ ರಾಜಕಾಲುವೆಗಳ ಮೇಲಿನ ಮನೆಗಳನ್ನು ಕೆಡವಿದಾಗ ಹಲವರ ಕೈಯಲ್ಲಿ ಕ್ರಯಪತ್ರವೂ ಖಾತೆಯೂ ಇದ್ದವು. ಹಳೆಯ ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆಯೂ ಇತ್ತು. ಬ್ಯಾಂಕ್ ಸಾಲಕ್ಕೆ ಓಡಾಡುವ ಗೃಹಸ್ಥರಿಂದ ಗ್ರಾಮ ನಕ್ಷೆ ತರಿಸಿ ಓದುವ ಎಚ್ಚರಿಕೆಯನ್ನು ನಿರೀಕ್ಷಿಸುವುದು ಸಾಮಾನ್ಯವೇ ಎಂಬ ಬಗ್ಗೆ ನನಗೆ ತಕರಾರಿದೆ. ಆದರೆ ಕಾನೂನು ಗೃಹಸ್ಥರ ಮೇಲೆ ಅಷ್ಟು ಕರುಣೆ ತೋರಿಸುತ್ತದೆಂದು ನಂಬಿ ಕೂರಬೇಡಿ.

ಹಾಗಾದರೆ ಎಚ್ಚರಿಕೆಗೂ ಸಿಗದ್ದು ಯಾವುದು? ಇಸಿ ತೋರಿಸದ್ದು. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ನಡೆಯುತ್ತಿರುವ ಕೇಸು, ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ. ಪತ್ರ ಒಪ್ಪಿಸಿದರೆ ಸಾಕು, ಅದು ಅಡಮಾನವೇ. ಆ ಬಗ್ಗೆ ಬೇರೆ ಪತ್ರ ನೋಂದಾಯಿಸದಿದ್ದರೆ ಇಸಿಯಲ್ಲಿ ಅದರ ಸುಳಿವೇ ಇರದು.

"ಹಕ್ಕುಪತ್ರಗಳನ್ನು ಕೇಳಿದಾಗ ತೋರಿಸುವುದು, ಪ್ರಶ್ನೆಗಳಿಗೆ ತನಗೆ ತಿಳಿದ ಮಟ್ಟಿಗೆ ಉತ್ತರಿಸುವುದು"

ಇವು (ಬಿ) ಮತ್ತು (ಸಿ) ಖಂಡಗಳು. ವಕೀಲರು (ಎ) ಖಂಡದ ಬಗ್ಗೆಯೇ ಹೆಚ್ಚು ಮಾತಾಡುತ್ತಾರೆ. ಕೊಳ್ಳುವವರ ನಿಜವಾದ ಬಲ ಇರುವುದು (ಸಿ)ಯಲ್ಲಿ. (ಎ) ಖಂಡದ ಒಂದೊಂದು ಷರತ್ತೂ ಮಾರುವವರಿಗೆ ನುಸುಳುವ ಕಿಂಡಿ: ಅದು ಮಹತ್ವದ್ದಲ್ಲ, ನನಗೆ ಗೊತ್ತಿರಲಿಲ್ಲ, ಅವರೇ ನೋಡಿಕೊಳ್ಳಬಹುದಿತ್ತು. ನೇರವಾಗಿ ಕೇಳಿದಿರೋ, ಆ ಕಿಂಡಿಗಳಲ್ಲಿ ಹೆಚ್ಚಿನವು ಮುಚ್ಚುತ್ತವೆ. ಆಗ ಉಳಿಯುವುದು ನಿಜ ಅಥವಾ ಸುಳ್ಳು.

ಆದ್ದರಿಂದ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ವಾಟ್ಸ್ಯಾಪ್ ಆದರೂ ಸಾಕು. ಅಸಲು ಮೂಲಪತ್ರ ಈಗ ಯಾರ ಕೈಯಲ್ಲಿದೆ? ನಿಮ್ಮ ಒಡಹುಟ್ಟಿದವರು ಎಷ್ಟು ಜನ, ಯಾರ್ಯಾರು ಸಹಿ ಹಾಕುತ್ತಾರೆ? ಯಾವ ಕೋರ್ಟಿನಲ್ಲಾದರೂ ಕೇಸಿದೆಯೇ? ಸಂಪಿಗೆ, ಕೆಳಮಹಡಿಗೆ ಯಾವತ್ತಾದರೂ ನೀರು ನುಗ್ಗಿತ್ತೇ? ಪ್ಲಾನ್ ಎಷ್ಟು ಮಹಡಿಗೆ ಮಂಜೂರಾಗಿದೆ? "ಅದೆಲ್ಲಾ ಕ್ಲಿಯರ್ ಇದೆ ಸಾರ್" ಎಂದು ಬ್ರೋಕರ್ ನಡುವೆ ಬಾಯಿ ಹಾಕುತ್ತಾರೆ, ಹಾಕಲಿ. ಉತ್ತರ ಮಾರುವವರಿಂದಲೇ ಬರಬೇಕು. ನಮ್ಮವರಿಗೆ ಹೀಗೆ ಕೇಳಲು ಸಂಕೋಚ. ಅನುಮಾನಪಟ್ಟಂತೆ ಆಗುತ್ತದೆ ಎಂದು ಹಿಂಜರಿಯುತ್ತಾರೆ. ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕುಲುಕಿ ನೋಡದೆ ಕೊಳ್ಳದವರು ಜೀವಮಾನದ ಉಳಿತಾಯ ಸುರಿಯುವಾಗ ದಾಕ್ಷಿಣ್ಯಕ್ಕೆ ಬೀಳುತ್ತಾರೆ.

ಉಳಿದ ಖಂಡಗಳು

ಕರಾರಿಗೂ ಸ್ವಾಧೀನಕ್ಕೂ ನಡುವೆ ಸ್ವತ್ತನ್ನೂ ಪತ್ರಗಳನ್ನೂ ಜವಾಬ್ದಾರಿಯುಳ್ಳ ಯಜಮಾನನಂತೆ ಕಾಪಾಡಬೇಕು ಎನ್ನುತ್ತದೆ (ಇ) ಖಂಡ. ನೋಡಿದಾಗ ಇದ್ದ ತೇಗದ ಬಾಗಿಲು ಬೀಗದ ಕೈ ಕೊಡುವ ದಿನ ಮಾಯವಾಗಿರಬಾರದು. ಮಾರಾಟದ ದಿನದವರೆಗಿನ ಕಂದಾಯ ಮುಂತಾದ ಬಾಕಿ ಮಾರುವವರದು ಎನ್ನುತ್ತದೆ (ಜಿ).

"ಅಂಥ ಸಂಗತಿ ತಿಳಿಸದಿರುವುದು ವಂಚನೆ"

ಕಲಮಿನ ಕೊನೆಯ ಸಾಲು. 1872ರ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಕುದುರೆಗೆ ಊನವಿರುವುದು ಗೊತ್ತಿದ್ದೂ ಒಬ್ಬ ಏನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರುತ್ತಾನೆ. ಅದು ವಂಚನೆಯಲ್ಲ. ಹೇಳುವ ಕರ್ತವ್ಯವಿದ್ದಾಗ ಮಾತ್ರ ಮೌನ ವಂಚನೆಯಾಗುತ್ತದೆ. 55ನೇ ಕಲಮು ಆ ಕರ್ತವ್ಯವನ್ನು ಹುಟ್ಟಿಸುತ್ತದೆ. ಹಾಗಾಗಿ ಕುದುರೆ ಮಾರುವವರು ಸುಮ್ಮನಿರಬಹುದು, ಮನೆ ಮಾರುವವರು ಸುಮ್ಮನಿರುವಂತಿಲ್ಲ. ವಂಚನೆ ಎಂದು ರುಜುವಾತಾದರೆ ಕೊಂಡವರು ಕ್ರಯವನ್ನು ರದ್ದುಪಡಿಸಲು ಕೋರಬಹುದು. ಸಂಗತಿ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ರುಜುವಾತಿನ ಭಾರ ಕೊಂಡವರ ಮೇಲೆಯೇ. ಮಾರುವವರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಹತ್ತು ವರ್ಷದ ಬಾಡಿಗೆದಾರರೋ, ಸೋರಿಕೆ ಸರಿಮಾಡಿದ ಪ್ಲಂಬರೋ, ಆ ಹಳೆಯ ವಾಟ್ಸ್ಯಾಪ್ ಉತ್ತರವೋ ಹೇಳಬೇಕು.

"ಕೊಳ್ಳುವವನು ಮಾರಾಟಗಾರನಿಗೆ ತಿಳಿಸಲು ಬದ್ಧ"

ಇದು ಅನೇಕರ ಕಣ್ಣಿಗೆ ಬೀಳದ ಐದನೇ ಉಪಕಲಮು. ಮಾರುವವರ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಯ ಬಗ್ಗೆ, ಅದರ ಬೆಲೆಯನ್ನು ಗಣನೀಯವಾಗಿ ಏರಿಸುವ ಸಂಗತಿಯೊಂದು ಕೊಳ್ಳುವವರಿಗೆ ಗೊತ್ತಿದ್ದು, ಮಾರುವವರಿಗೆ ಗೊತ್ತಿಲ್ಲವೆಂದು ನಂಬಲು ಕಾರಣವಿದ್ದರೆ, ಅದನ್ನು ಹೇಳಬೇಕು. ಹಳ್ಳಿಯ ಅಜ್ಜಿ ತನಗೆ ಮನೆಯಲ್ಲಿ ಕಾಲು ಭಾಗವಷ್ಟೇ ಇದೆ ಎಂದುಕೊಂಡು ಮಾರಲು ಹೊರಟಿದ್ದಾಳೆ. ಅವಳ ಪಾಲು ಅರ್ಧ ಎಂಬುದು ಕೊಳ್ಳುವವನ ವಕೀಲರು ತೆಗೆಸಿದ ಕಾಗದದಲ್ಲಿದೆ. ಅದನ್ನು ಮುಚ್ಚಿಟ್ಟು ಕಾಲು ಭಾಗದ ದುಡ್ಡಿಗೆ ಬರೆಸಿಕೊಂಡರೆ ಅದೂ ವಂಚನೆಯೇ. ಆದರೆ ಮೆಟ್ರೊ ಮಾರ್ಗ ಆ ಬೀದಿಯಲ್ಲೇ ಬರುತ್ತದೆ ಎಂಬ ಸುದ್ದಿ ಹಕ್ಕಿನ ವಿಷಯವಲ್ಲ, ಮಾರುಕಟ್ಟೆಯ ವಿಷಯ. ಅದನ್ನು ಅಜ್ಜಿಗೆ ಹೇಳಬೇಕೆಂದು ಈ ಕಲಮು ಒತ್ತಾಯಿಸುವುದಿಲ್ಲ.