ಎಣಿಕೆ ಇಳಿದರೆ ಹೃದಯಾಘಾತ ಇಳಿದಂತೆಯೆ?

ಗೈಗರ್ ಕೌಂಟರ್‌ಗೂ ವಿಕಿರಣಶೀಲ ವಸ್ತುವಿಗೂ ನಡುವೆ ಸೀಸದ ಹಾಳೆ ಹಿಡಿದರೆ ಎಣಿಕೆ ಕುಸಿಯುತ್ತದೆ. ವಸ್ತುವಿನ ವಿಕಿರಣಶೀಲತೆಯೇ ಕುಗ್ಗಿತೆಂದು ಯಾವ ವಿದ್ಯಾರ್ಥಿಯೂ ಬರೆಯುವುದಿಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಹೃದಯಾಘಾತದ ರೋಗಿಗಳು ಆಸ್ಪತ್ರೆಗಳಲ್ಲಿ ಕಡಿಮೆಯಾದಾಗ, ಹೊಗೆ ತಗ್ಗಿತು, ಒತ್ತಡ ಇಳಿಯಿತು, ಹೃದಯ ಸುಧಾರಿಸಿತು ಎಂಬ ವಿವರಣೆಗಳು ಕೇಳಿಬಂದವು. ಓದುಗರೇ, ಈ ತರ್ಕವನ್ನು ತುಸು ಪರೀಕ್ಷಿಸೋಣ.

ಭಾರತೀಯ ಹೃದ್ರೋಗ ತಜ್ಞರ ಸಂಘದ ಅಧ್ಯಯನದಲ್ಲಿ, 2019ಕ್ಕೆ ಹೋಲಿಸಿದರೆ 2020ರ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಹೃದಯಾಘಾತದ ದಾಖಲಾತಿ ಸುಮಾರು ಶೇ. 35ರಷ್ಟು ಇಳಿದಿತ್ತು. ಎಣಿಸಿದ್ದು ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು, ಎದೆನೋವು ಬಂದವರನ್ನಲ್ಲ. ಹಾಂಗ್‌ಕಾಂಗಿನ ಒಂದು ಆಸ್ಪತ್ರೆಯಲ್ಲಿ ನೋವು ಶುರುವಾಗಿ ವೈದ್ಯರನ್ನು ಕಾಣುವವರೆಗಿನ ಅವಧಿಯ ಮಧ್ಯಾಂಕ 82.5 ನಿಮಿಷದಿಂದ 318 ನಿಮಿಷಕ್ಕೆ ಏರಿತ್ತು. (ಸೋಂಕಿನ ಕಾಲದ ರೋಗಿಗಳು ಕೇವಲ ಏಳು ಮಂದಿ. ದಿಕ್ಕನ್ನಷ್ಟೇ ನೋಡಿ, ಅಂಕಿಯನ್ನು ನೆಚ್ಚಬೇಡಿ.)

ಸೇಡಂ ತಾಲ್ಲೂಕಿನ ಹಳ್ಳಿಯೊಂದನ್ನು ಊಹಿಸಿಕೊಳ್ಳಿ. ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯವರದೇ. ಬಸ್ಸಿಲ್ಲ. ಆಸ್ಪತ್ರೆಗೆ ಹೋದರೆ ಸೋಂಕು ಹತ್ತೀತೆಂಬ ಭಯ ಬೇರೆ. ಸೀಸದ ಹಾಳೆ ಎಂದರೆ ಇದೇ.

ಆಗ ಅದೇ ಸಂಘ, ಆಂಜಿಯೋಪ್ಲಾಸ್ಟಿಗೆ ಬದಲಾಗಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಆದ್ಯತೆ ಸೂಚಿಸಿತು. ಇದನ್ನು ಆಪದ್ಧರ್ಮವೆಂದು ಬಣ್ಣಿಸಿದ್ದು ನಗರದ ದೃಷ್ಟಿ. ಇಸಿಜಿಯಲ್ಲಿ ಧಮನಿ ಪೂರ್ತಿ ಮುಚ್ಚಿದ ಲಕ್ಷಣ ಕಂಡ ಮೇಲೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ, 10 ನಿಮಿಷದಲ್ಲಿ ಚುಚ್ಚುಮದ್ದು ಕೊಡಬೇಕೆಂದು ಯುರೋಪಿನ ಹೃದ್ರೋಗ ತಜ್ಞರು 2017ರಲ್ಲೇ ಹೇಳಿದ್ದರು. ಸೇಡಂನಿಂದ ಕಲಬುರಗಿಗೆ ಸುಮಾರು 50 ಕಿ.ಮೀ.; ಮಳಖೇಡದ ಬಳಿ ಕಾಗಿಣಾ ಉಕ್ಕಿದರೆ ಆ ದಾರಿಯೂ ಕಟ್ಟುವುದುಂಟು. ವಾಹನ ಹುಡುಕುವ ಹೊತ್ತನ್ನೂ, ಅಲ್ಲಿನ ಸಿದ್ಧತೆಯ ಹೊತ್ತನ್ನೂ ನೀವೇ ಕೂಡಿಸಿ. ಸೋಂಕು ಇರಲಿ ಬಿಡಲಿ, ಇಲ್ಲಿ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನ ರಕ್ತಸ್ರಾವದ ಅಪಾಯವುಂಟು, ಎಲ್ಲರಿಗೂ ಕೊಡಲಾಗದು. ಕೊಟ್ಟ ಮೇಲೂ ಆಂಜಿಯೋಗ್ರಾಮಿಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು.

2024ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ದಾರಿಯದೇ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಸ್ವಾಗತಾರ್ಹವೇ. ಆದರೆ ಎಷ್ಟು ಮಂದಿಗೆ ಇಸಿಜಿ ಆಯಿತೆಂಬ ಲೆಕ್ಕ ಮತ್ತೆ ಬಾಗಿಲಿಗೆ ಬಂದವರ ಲೆಕ್ಕವೇ. ನೋವು ಬಂದ ಕ್ಷಣದಿಂದ ಸೂಜಿ ಚುಚ್ಚುವವರೆಗಿನ ನಿಮಿಷಗಳನ್ನೂ, ಎದೆನೋವಿನಿಂದ ಮನೆಯಲ್ಲೇ ತೀರಿಕೊಂಡವರ ಸಂಖ್ಯೆಯನ್ನೂ ತಾಲ್ಲೂಕುವಾರು ಪ್ರಕಟಿಸಿದರೆ, ಮುಂದಿನ ಸೋಂಕು ಬಂದಾಗ ಹೋಲಿಸಲು ಕೈಯಲ್ಲೊಂದು ಅಳತೆಗೋಲಾದರೂ ಇರುತ್ತದೆ.